ಎರಡು ಕಡ್ಡಿ, ಎಪ್ಪತ್ತೆಂಟು ಎಲೆ

ನಿವೃತ್ತನಾದವನನ್ನು ದಾರಿಯಲ್ಲಿ ಕಂಡವರು ಕೇಳುವ ಮೊದಲ ಪ್ರಶ್ನೆ “ಈಗ ಹೊತ್ತು ಹೇಗೆ ಹೋಗುತ್ತದೆ?” ಎಂಬುದು. ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ನಾನು ಈ ಪ್ರಶ್ನೆಗೆ ನಿಜವನ್ನೇ ಹೇಳುತ್ತೇನೆ: “ಉಲ್ಲನ್ ಹೆಣೆಯುತ್ತೇನೆ, ಅದು ಬೇಸರವಾದಾಗ ಟ್ಯಾರೋ ಎಲೆಗಳನ್ನು ಹರಡಿಕೊಂಡು ಕೂಡುತ್ತೇನೆ.” ಕೇಳಿದವರು ಮೊದಲನೆಯ ಮಾತಿಗೆ ನಗುತ್ತಾರೆ, ಎರಡನೆಯ ಮಾತಿಗೆ ಗಂಭೀರರಾಗುತ್ತಾರೆ. ಹೆಣಿಗೆಯ ವಿಷಯದಲ್ಲಿ “ಮಾರುತ್ತೀರೇನು?” ಎಂದು ವಿಚಾರಿಸುತ್ತಾರೆ, ಎಲೆಗಳ ವಿಷಯ ಬಂದಾಗ ದನಿ ತಗ್ಗಿಸಿ, “ಹೇಳಿದ್ದು ನಿಜವಾಗುತ್ತದೆಯೋ?” ಎನ್ನುತ್ತಾರೆ. ಒಂದರಿಂದ ಹಣ ಬರಬೇಕು, ಇಲ್ಲವೆ ಇನ್ನೊಂದರಿಂದ ಭವಿಷ್ಯ ತಿಳಿಯಬೇಕು. ಎರಡೂ ಇಲ್ಲವೆಂದ ಮೇಲೆ ಬುದ್ಧಿಯಿದ್ದ ಮನುಷ್ಯ ಇಂಥ ಕೆಲಸಕ್ಕೆ ಏಕೆ ಕೈಹಾಕಬೇಕೆಂಬುದು ಅವರ ಶಂಕೆ. ಆ ಶಂಕೆಗೆ ಸಮಾಧಾನ ಹೇಳಬೇಕೆಂಬುದು ಈ ಬರಹದ ಒಂದು ಉದ್ದೇಶ. ಇನ್ನೊಂದು ಉದ್ದೇಶವೂ ಉಂಟು. ಅದು ಸಮಾಧಾನವಲ್ಲ, ತಪ್ಪೊಪ್ಪಿಗೆ. ಅದರ ಸರದಿ ಮುಂದೆ ಬರುತ್ತದೆ.

ನನ್ನ ಪೀಳಿಗೆಯವರಿಗೆ ನೂಲಿನ ಸಹವಾಸ ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ಕಲ್ಪನೆ, 1960ರ ದಶಕದಲ್ಲಿ ನಾನು ಓದಿದ ಪ್ರಾಥಮಿಕ ಶಾಲೆಯನ್ನು ಮುಟ್ಟುವ ಹೊತ್ತಿಗೆ ವಾರಕ್ಕೊಂದು ತಕಲಿಯ ಪಾಠವಾಗಿ ಉಳಿದಿತ್ತು. ಎಡಗೈಯಲ್ಲಿ ಹತ್ತಿಯ ಹಂಜಿ, ಬಲಗೈಯಲ್ಲಿ ತಕಲಿ. ತಿರುಗಿಸಿ ಬಿಟ್ಟರೆ ಎಳೆ ತಾನಾಗಿ ಇಳಿದು ಬರಬೇಕು. ನನ್ನ ಎಳೆ ಒಂದು ಗೇಣಿನಲ್ಲಿ ಹಗ್ಗವಾಗಿಯೂ ಮರುಗೇಣಿನಲ್ಲಿ ಜೇಡರ ಬಲೆಯಾಗಿಯೂ ಇಳಿಯುತ್ತಿತ್ತು. ಆ ವಿದ್ಯೆಗೆ ನಾನು ಅಂದೇ ಕೈಮುಗಿದೆ. ಅರ್ಧ ಶತಮಾನ ಕಳೆದು, ಬಚ್ಚಲಿನಲ್ಲಿ ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಆರು ವಾರ ಮಂಚದ ಪಾಲಾದಾಗ ನೂಲು ನನ್ನನ್ನು ಹುಡುಕಿಕೊಂಡು ಬಂತು. ಮಡಿಕೇರಿಯಲ್ಲಿ ನೆಲೆಸಿದ್ದ ಅಕ್ಕ ನೋಡಲು ಬಂದವರು, ನನ್ನ ಗೊಣಗಾಟವನ್ನು ಎರಡು ದಿನ ಸಹಿಸಿ, ಮೂರನೆಯ ದಿನ ತಮ್ಮ ಚೀಲದಿಂದ ಎರಡು ಕಡ್ಡಿಗಳನ್ನೂ ಒಂದು ಉಂಡೆ ಉಲ್ಲನ್ನನ್ನೂ ತೆಗೆದು, “ಕೈ ಸುಮ್ಮನಿದ್ದರೆ ಬಾಯಿ ಹೆಚ್ಚುತ್ತದೆ ಕಣೋ, ಹಿಡಿ” ಎಂದರು. ಹಿಡಿದೆ. ಇಂದಿಗೂ ಬಿಟ್ಟಿಲ್ಲ.

ಮೈಸೂರಿನಂಥ ಊರಿನಲ್ಲಿ ಸ್ವೆಟರು ಯಾರಿಗೆ ಬೇಕೆಂದು ಸ್ನೇಹಿತರು ಹಾಸ್ಯ ಮಾಡುವುದುಂಟು. ಧನುರ್ಮಾಸದ ನಾಲ್ಕು ದಿನದ ಚಳಿಗೆ ನಾಲ್ಕು ತಿಂಗಳ ದುಡಿಮೆಯೇ ಎಂದು ಅವರ ಲೆಕ್ಕ. ಗಂಡಸು ಹೆಣೆಯುವುದು ಇನ್ನೂ ದೊಡ್ಡ ಹಾಸ್ಯ. ಇತಿಹಾಸವಾದರೋ ಬೇರೆಯೇ ಹೇಳುತ್ತದೆ. 16 ಮತ್ತು 17ನೆಯ ಶತಮಾನಗಳಲ್ಲಿ ಯೂರೋಪಿನ ಹಲವು ನಗರಗಳಲ್ಲಿ ಹೆಣಿಗೆಗಾರರ ಶ್ರೇಣಿಗಳಿದ್ದವು. ಅಲ್ಲಿ ಗುರುಗಳೂ ಶಿಷ್ಯರೂ ಗಂಡಸರು. ವರ್ಷಗಟ್ಟಲೆ ಕಲಿತ ಶಿಷ್ಯನು ತನ್ನ ಪರೀಕ್ಷೆಗೆಂದು ಕೆಲವೆಡೆ ಬಣ್ಣಬಣ್ಣದ ದೊಡ್ಡ ಜಮಖಾನವೊಂದನ್ನು ಹೆಣೆದು ಒಪ್ಪಿಸಬೇಕಾಗಿತ್ತು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನು ಕಂಡುಹಿಡಿದ. ಮುಂದೆ ಕಾಲಕ್ರಮದಲ್ಲಿ ದುಡ್ಡಿನ ಹೆಣಿಗೆ ಯಂತ್ರದ ಕಡೆಗೆ ಹೋಯಿತು, ದುಡ್ಡಿಲ್ಲದ ಹೆಣಿಗೆ ಮನೆಯಲ್ಲಿ ಹೆಂಗಸರ ಕೈಯಲ್ಲಿ ಉಳಿಯಿತು. ಲಾಭ ಹೋದಲ್ಲಿಂದ ಗಂಡಸು ಎದ್ದುಹೋದ ಎಂದಷ್ಟೆ ಇದರಿಂದ ತಿಳಿಯಬೇಕಾದದ್ದು.

ಹೆಣಿಗೆಯ ಸ್ವಾರಸ್ಯವನ್ನು ಅರಿಯದವರಿಗೆ ಹೇಳುವುದು ಸುಲಭವಲ್ಲ; ಆದರೂ ಗಣಿತದ ಮೇಷ್ಟರಾಗಿ ಯತ್ನಿಸುತ್ತೇನೆ. ಮಗ್ಗದ ಬಟ್ಟೆಯಲ್ಲಿ ಹಾಸು ಬೇರೆ, ಹೊಕ್ಕು ಬೇರೆ. ನೂರಾರು ಎಳೆಗಳು ಒಂದನ್ನೊಂದು ಹಾಯುತ್ತವೆ. ಹೆಣಿಗೆಯಲ್ಲಿ ಇರುವುದು ಒಂದೇ ಎಳೆ. ಅದು ಕುಣಿಕೆಯೊಳಗೆ ಕುಣಿಕೆಯಾಗಿ ತೂರಿಕೊಂಡು ತನಗೆ ತಾನೇ ಆಧಾರವಾಗುತ್ತ ಬೆಳೆಯುತ್ತದೆ. ಮೂಲತಃ ಎರಡೇ ಕುಣಿಕೆಗಳು: ಒಂದು ಮುಂದಿನಿಂದ ನುಸುಳುವ ‘ನಿಟ್’, ಇನ್ನೊಂದು ಹಿಂದಿನಿಂದ ನುಸುಳುವ ‘ಪರ್ಲ್’. ಒಂದರ ಬೆನ್ನೇ ಮತ್ತೊಂದು. ಈ ಎರಡನ್ನು ಕೂಡಿಸುವ ಕ್ರಮದಿಂದಲೇ ಬಳ್ಳಿ, ಜಡೆ, ಚೌಕುಳಿ ಎಲ್ಲವೂ ಏಳುತ್ತವೆ. ನನ್ನ ಅಳತೆಯ ಸ್ವೆಟರಿನ ಮುಂಭಾಗಕ್ಕೆ ಸಾಲಿಗೆ 110 ಕುಣಿಕೆ, ಒಟ್ಟು 150 ಸಾಲು. ಎಂದರೆ 16,500 ಕುಣಿಕೆಗಳು. ಅಷ್ಟರಲ್ಲಿ ಒಂದು ಜಾರಿದರೂ ಅದರ ಕೆಳಗಿನ ಸಾಲುಗಳು ಏಣಿಯಂತೆ ಬಾಯಿ ಬಿಡುತ್ತವೆ.

ಗಣಿತಕ್ಕೂ ಈ ಕಸಬಿಗೂ ಇರುವ ನಂಟು ನನ್ನ ಕಲ್ಪನೆಯಲ್ಲ. ಒಂದು ಸರಳರೇಖೆಗೆ ಹೊರಗಿನ ಬಿಂದುವೊಂದರ ಮೂಲಕ ಒಂದಕ್ಕಿಂತ ಹೆಚ್ಚು ಸಮಾಂತರ ರೇಖೆಗಳನ್ನು ಎಳೆಯಬಹುದಾದ ಜ್ಯಾಮಿತಿಯೊಂದನ್ನು 19ನೆಯ ಶತಮಾನದಲ್ಲಿ ಲೊಬಾಚೆವ್‌ಸ್ಕಿ ಮತ್ತು ಬೋಯಾಯ್ ಎಂಬ ವಿದ್ವಾಂಸರು ಬೇರೆಬೇರೆಯಾಗಿ ರೂಪಿಸಿದರು. ಆ ಜ್ಯಾಮಿತಿಯ ಮೈಯನ್ನು ಕೈಯಿಂದ ಮುಟ್ಟಿ ನೋಡುವುದು ವಿದ್ಯಾರ್ಥಿಗಳಿಗೆ ಕಷ್ಟವಾಗಿತ್ತು. ಕಾಗದದ ಮಾದರಿಗಳು ಬೇಗ ಹರಿಯುತ್ತಿದ್ದವು. 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನ್ಯಾ ಕ್ರೋಶಾ ಕಡ್ಡಿ ಹಿಡಿದು, ಪ್ರತಿ ಸಾಲಿನಲ್ಲಿಯೂ ಒಂದೇ ಪ್ರಮಾಣದಲ್ಲಿ ಕುಣಿಕೆಗಳನ್ನು ಹೆಚ್ಚಿಸುತ್ತ ಹೋಗಿ, ಹುಂಜದ ಜುಟ್ಟಿನಂತೆ ನೆರಿಗೆನೆರಿಗೆಯಾಗಿ ಏಳುವ ಆ ಮೈಯನ್ನೇ ಹೆಣೆದು ತೋರಿಸಿದರು. ಅಜ್ಜಿಯರ ಕೆಲಸವೆಂದು ನಗುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲಿಯೇ ಹೇಳಬೇಕು. ಹವ್ಯಾಸಿಯಾದ ನಾನು ನೂಲಿನಿಂದ ಹೊಟ್ಟೆ ಹೊರೆಯುವವರ ಸಾಲಿನಲ್ಲಿ ಕೂಡಲಾರೆ. ಚಿತ್ರದುರ್ಗದ ಸೀಮೆಯ ಕುರುಬರ ಮನೆಗಳಲ್ಲಿ ಹೆಂಗಸರು ಕುರಿಯ ಉಣ್ಣೆ ನೂತರೆ, ಗಂಡಸರು ಗುಂಡಿಮಗ್ಗದಲ್ಲಿ ಕೂತು ಕಂಬಳಿ ನೇಯ್ದು, ಹುಣಸೆಬೀಜದ ಸರಿ ಬಳಿದು ಬಿಸಿಲಿಗೆ ಹಾಕುವುದು ಬೇಸರ ಕಳೆಯಲಿಕ್ಕಲ್ಲ. ಅಲ್ಲಿ ಒಂದು ಎಳೆ ತಪ್ಪಿದರೆ ಒಂದು ಊಟ ತಪ್ಪೀತು. ನನಗೆ ತಪ್ಪಿದರೆ ನಗುವೊಂದು ಹೆಚ್ಚು. ಹವ್ಯಾಸವೆಂಬುದು ಪಿಂಚಣಿಯ ನೆರಳಿನಲ್ಲಿ ಬೆಳೆಯುವ ಗಿಡ. ಇದನ್ನು ಮರೆತು ‘ಕಾಯಕ’ವೆಂಬ ದೊಡ್ಡ ಮಾತನ್ನು ನನ್ನ ಸ್ವೆಟರಿಗೆ ತೊಡಿಸಿದರೆ, ನೇಕಾರ ದಾಸಿಮಯ್ಯನಿಗೆ ಅಪಚಾರವಾದೀತು.

ಆದರೆ ಈ ಗಿಡವೂ ಒಂದು ಹಣ್ಣು ಬಿಡುತ್ತದೆ. ಹೆಣಿಗೆ ನನಗೆ ಕಲಿಸಿದ ದೊಡ್ಡ ಪಾಠವೆಂದರೆ ಬಿಚ್ಚುವುದು. ಇಪ್ಪತ್ತು ಸಾಲು ಮುಂದೆ ಹೋದ ಮೇಲೆ ಕೆಳಗೊಂದು ತಪ್ಪು ಕಣ್ಣಿಗೆ ಬೀಳುತ್ತದೆ. ಮೊದಮೊದಲು ಅದನ್ನು ಮರೆಮಾಚಲು ಯತ್ನಿಸುತ್ತಿದ್ದೆ. ಅಕ್ಕ ಮಾತಾಡದೆ ಕಡ್ಡಿಗಳನ್ನು ಎಳೆದುಕೊಂಡು, ಎಳೆಯ ತುದಿ ಹಿಡಿದು ಸರಸರನೆ ಬಿಚ್ಚಿ, ಉಂಡೆ ಸುತ್ತಿ ಕೈಗೆ ಕೊಡುತ್ತಿದ್ದರು. ನಾಲ್ಕು ದಿನದ ಕೆಲಸ ನಾಲ್ಕು ನಿಮಿಷದಲ್ಲಿ ಎಳೆಯಾಗಿ ಮರಳುವುದನ್ನು ನೋಡುವಾಗ ಹೊಟ್ಟೆ ಉರಿಯುತ್ತಿತ್ತು. ಬರಬರುತ್ತ ಅದೇ ಒಂದು ನೆಮ್ಮದಿಯಾಯಿತು. ಬಿಚ್ಚಿದ ಎಳೆ ಕೆಲಕಾಲ ಸುಕ್ಕುಸುಕ್ಕಾಗಿರುತ್ತದೆ, ಹಿಂದಿನ ರೂಪವನ್ನು ನೆನೆಯುತ್ತಿರುವಂತೆ. ತೊಳೆದು, ತುದಿಗೊಂದು ಭಾರ ಕಟ್ಟಿ ನೇತುಹಾಕಿದರೆ ನೆಟ್ಟಗಾಗುತ್ತದೆ. ಲೋಕದಲ್ಲಿ ಇಷ್ಟು ಪೂರ್ಣವಾಗಿ ಹಿಂದಿರುಗಿ ತಿದ್ದಿಕೊಳ್ಳಬಹುದಾದ ತಪ್ಪುಗಳು ಎಷ್ಟಿವೆ? ಕರಿಹಲಗೆಯ ಮೇಲಿನ ಲೆಕ್ಕವನ್ನು ಬಿಟ್ಟರೆ ನನಗೆ ಗೊತ್ತಿರುವುದು ಇದೊಂದೇ.

ಇನ್ನು ಎಲೆಗಳ ಮಾತು. ಬೆಂಗಳೂರಿನ ಮೊಮ್ಮಗಳು ಒಂದು ಬೇಸಗೆಯಲ್ಲಿ ಟ್ಯಾರೋ ಕಟ್ಟೊಂದನ್ನು ತಂದು ನನ್ನಲ್ಲಿಯೇ ಬಿಟ್ಟುಹೋದಳು. ಒಟ್ಟು 78 ಎಲೆಗಳು: ಬಟ್ಟಲು, ಕತ್ತಿ, ಕೋಲು, ನಾಣ್ಯ ಎಂಬ ನಾಲ್ಕು ರಂಗುಗಳಿಗೆ ಸೇರಿದ 56, ಹುಚ್ಚ, ಸಾಮ್ರಾಜ್ಞಿ, ಸನ್ಯಾಸಿ, ಮೃತ್ಯು, ಗೋಪುರ, ಸೂರ್ಯ ಮೊದಲಾದ ಚಿತ್ರಗಳ 22. ನೋಡಲು ಗಹನವಾದ ಮಂತ್ರಶಾಸ್ತ್ರದಂತೆ ಕಾಣುತ್ತವೆ. ವಿಚಾರಿಸಿದರೆ ಇವುಗಳ ವಂಶಾವಳಿ ಬಹಳ ಸಾಮಾನ್ಯವಾದದ್ದು. 15ನೆಯ ಶತಮಾನದ ಉತ್ತರ ಇಟಲಿಯಲ್ಲಿ ಶ್ರೀಮಂತರ ಮನೆಗಳಲ್ಲಿ ಹುಟ್ಟಿದ ಇಸ್ಪೀಟು ಆಟ ಇದು. ಆ 22 ಚಿತ್ರಗಳಲ್ಲಿ 21 ತುರುಫಿನ ಎಲೆಗಳು, ಉಳಿದೊಂದು ಹುಚ್ಚ. ಫ್ರಾನ್ಸಿನಲ್ಲಿ ಇಂದಿಗೂ ಟ್ಯಾರೋ ಎಂದರೆ ನಾಲ್ವರು ಕೂತು ಆಡುವ ಆಟ.

ಆಟವು ಶಾಸ್ತ್ರವಾದದ್ದು ತೀರ ಈಚೆಗೆ. 1781ರಲ್ಲಿ ಕೂರ್ ದ ಜೆಬೆಲಾಂ ಎಂಬ ಫ್ರೆಂಚ್ ಪಂಡಿತ ಈ ಎಲೆಗಳಲ್ಲಿ ಪ್ರಾಚೀನ ಈಜಿಪ್ಟಿನ ಗುಪ್ತವಿದ್ಯೆ ಅಡಗಿದೆಯೆಂದು ಬರೆದ. ಈಜಿಪ್ಟಿನ ಚಿತ್ರಲಿಪಿಯನ್ನು ಶಾಂಪೋಲಿಯೋನ್ ಓದಿ ಬಿಡಿಸಿದ್ದು 1822ರಲ್ಲಿ. ಎಂದರೆ, ಯಾರಿಗೂ ಓದಲು ಬಾರದ ಕಾಲದಲ್ಲಿ ಈ ಪಂಡಿತ ಅದನ್ನು ಓದಿಬಿಟ್ಟಿದ್ದ. 1785ರಲ್ಲಿ ‘ಎತೇಯ’ ಎಂಬ ಹೆಸರಿಟ್ಟುಕೊಂಡ ಇನ್ನೊಬ್ಬ ಈ ಎಲೆಗಳಿಂದ ಭವಿಷ್ಯ ಹೇಳುವ ಪುಸ್ತಕವನ್ನೇ ಬರೆದ. ಆ ಪುಸ್ತಕದ ಹೆಸರಿನ ಅರ್ಥವಾದರೂ ‘ಟ್ಯಾರೋ ಎಂಬ ಎಲೆಗಳಿಂದ ಮನರಂಜನೆ ಪಡೆಯುವ ಬಗೆ’ ಎಂದೇ! ಇಂದು ಎಲ್ಲೆಡೆ ಕಾಣುವ ಚಿತ್ರಗಳ ಕಟ್ಟು ಲಂಡನ್ನಿನಲ್ಲಿ 1909ರಲ್ಲಿ ಹೊರಬಂತು; ವೇಟ್ ಎಂಬ ವಿದ್ವಾಂಸನ ಸೂಚನೆಯಂತೆ ಚಿತ್ರಗಳನ್ನು ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಲಕ್ಷಾಂತರ ಜನರು ತಮ್ಮ ಭಾಗ್ಯವನ್ನು ಹುಡುಕಿದ ಆ ಚಿತ್ರಗಳಿಂದ ಅವಳ ಭಾಗ್ಯವೇನೂ ತೆರೆಯಲಿಲ್ಲ. 1951ರಲ್ಲಿ ತೀರಿಕೊಂಡಾಗ ಉಳಿದದ್ದು ಸಾಲ. ತತ್ತ್ವಶಾಸ್ತ್ರಜ್ಞ ಮೈಕೇಲ್ ಡಮೆಟ್ 1980ರಲ್ಲಿ ಟ್ಯಾರೋ ಕುರಿತು ಬೃಹದ್ಗ್ರಂಥ ಬರೆದು, ಇದು ಮೊದಲಿಗೆ ಆಟವೇ ಎಂಬುದನ್ನು ಸಾಧಾರವಾಗಿ ತೋರಿಸಿದ.

ಎಲೆಯಾಟ ನಮಗೂ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಗಂಜೀಫದ ಎಲೆಗಳಿಗೆ ರಾಜಮರ್ಯಾದೆಯಿತ್ತು; ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಆ ಆಟಗಳ ವಿವರಣೆಯಿದೆ. ದಶಾವತಾರ ಗಂಜೀಫದಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆಗಳು. ದೇವರ ಚಿತ್ರವಿದ್ದರೂ ಅದು ಕೈಯಲ್ಲಿ ಹಿಡಿದು ಗೆಲ್ಲುವ, ಸೋಲುವ ಆಟ. ಚಿತ್ರ ದೊಡ್ಡದಾದ ಮಾತ್ರಕ್ಕೆ ಎಲೆ ಶಾಸ್ತ್ರವಾಗಬೇಕಿಲ್ಲ.

ನನಗೆ ಟ್ಯಾರೋ ಹಿಡಿಸಿದ್ದು ಬೇರೊಂದು ಕಾರಣಕ್ಕೆ. ಯಾವುದಾದರೂ ಮೂರು ಎಲೆಗಳನ್ನು ಸಾಲಾಗಿ ಇಟ್ಟು ನೋಡಿ. ಮನಸ್ಸು ತಾನಾಗಿ ಅವುಗಳ ನಡುವೆ ಕಥೆ ಹೆಣೆಯುತ್ತದೆ. ಇಟಲಿಯ ಕಾದಂಬರಿಕಾರ ಇಟಾಲೊ ಕಾಲ್ವಿನೊ 1973ರಲ್ಲಿ ಪ್ರಕಟಿಸಿದ ಕೃತಿಯೊಂದರಲ್ಲಿ ಮಾತು ಕಳೆದುಕೊಂಡ ಪ್ರಯಾಣಿಕರು ಮೇಜಿನ ಮೇಲೆ ಟ್ಯಾರೋ ಎಲೆಗಳನ್ನು ಜೋಡಿಸಿ ತಮ್ಮ ಕಥೆ ಹೇಳಿಕೊಳ್ಳುತ್ತಾರೆ. ಒಬ್ಬನ ಕಥೆಯ ಎಲೆಯೇ ಇನ್ನೊಬ್ಬನ ಕಥೆಯಲ್ಲಿ ಬೇರೆ ಅರ್ಥ ತಾಳುತ್ತದೆ. ನಮ್ಮ ನುಡಿಯೂ ಇದನ್ನು ಬಲ್ಲುದು: ಸೂತ್ರವೆಂದರೆ ನೂಲು, ಗ್ರಂಥವೆಂದರೆ ಗಂಟಿಕ್ಕಿದ್ದು, ಕಥೆಗೂ ನಾವು ಎಳೆ ಎನ್ನುತ್ತೇವೆ. ಎರಡು ಕಡ್ಡಿಯಲ್ಲಿ ನಾನು ಮಾಡುತ್ತಿದ್ದುದನ್ನೇ ಈ ಎಲೆಗಳಲ್ಲಿಯೂ ಮಾಡುತ್ತಿದ್ದೇನೆಂದು ನಂಬಿದ್ದೆ. ಅಲ್ಲಿಯೇ ನಾನು ತಪ್ಪಿದೆ.

ನಮ್ಮ ಪಕ್ಕದ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ತಾಯಿ ಹೊಲಿಗೆಯಿಂದ ಸಂಸಾರ ಸಾಗಿಸಿ ಮಗಳನ್ನು ಬಿ.ಎಸ್‌ಸಿ. ಓದಿಸಿದ್ದರು. ಹುಡುಗಿಗೆ ದೂರದ ಊರಿನಲ್ಲಿ ಎಂ.ಎಸ್‌ಸಿ.ಗೆ ಸೀಟು ದೊರೆತ ಸಂಜೆ ಇಬ್ಬರೂ ಸುದ್ದಿ ಹೇಳಲು ಬಂದರು. ನನ್ನ ಮನೆಯಾಕೆ ಸಜ್ಜಿಗೆ ಮಾಡಿದಳು. ಸಂತೋಷದ ಭರದಲ್ಲಿ ಹುಡುಗಿ, “ತಾತ, ನನಗೂ ಮೂರು ಎಲೆ ತೆಗೆಯಿರಿ” ಎಂದಳು. ತೆಗೆದೆ. ಮೊದಲನೆಯದು ಹುಚ್ಚ: ಹೆಗಲ ಮೇಲೆ ಗಂಟು, ಕಾಲ ಬಳಿ ನಾಯಿ, ಮುಂದೆ ಕಡಿದಾದ ಬಂಡೆ. ಎರಡನೆಯದು ಕತ್ತಿಯ ಆರು: ಅಂಬಿಗನೊಬ್ಬ ತಾಯಿಯನ್ನೂ ಮಗುವನ್ನೂ ಕೂರಿಸಿಕೊಂಡು ದೋಣಿ ನಡೆಸುತ್ತಿದ್ದಾನೆ. ಮೂರನೆಯದು ಗೋಪುರ: ಸಿಡಿಲು ಬಡಿದು ಉರಿಯುತ್ತಿರುವ ಕಟ್ಟಡ, ತಲೆಕೆಳಗಾಗಿ ಬೀಳುತ್ತಿರುವ ಇಬ್ಬರು. ಕಥೆ ಹೇಳುವ ಚಪಲ ನನ್ನನ್ನು ಹಿಡಿದಿತ್ತು. “ಗಂಟು ಕಟ್ಟಿಕೊಂಡು ಹೊರಟಳು, ಹೊಳೆ ದಾಟಿದಳು, ಹೋಗಿ ಸೇರಿದ ಮನೆಗೆ ಸಿಡಿಲು ಬಡಿಯಿತು!” ಎಂದು ನಾಟಕದವರಂತೆ ದನಿಯೇರಿಸಿ ಮುಗಿಸಿದೆ. ಹುಡುಗಿ ನಕ್ಕಳು, ನನ್ನಾಕೆ ನಕ್ಕಳು, ನಾನೂ ನಕ್ಕೆ. ತಾಯಿ ನಕ್ಕರೋ ಇಲ್ಲವೋ ನಾನು ನೋಡಲಿಲ್ಲ.

ಹುಡುಗಿ ಆ ವರ್ಷ ಹೋಗಲಿಲ್ಲ. “ಈ ವರ್ಷ ಬೇಡವೆಂದರು ಅಮ್ಮ, ದುಡ್ಡಿಗೆ ಅನುಕೂಲವಿಲ್ಲವಂತೆ” ಎಂದಳು. ನಾನೂ ಹಾಗೆಂದೇ ತಿಳಿದೆ. ಎಂಟೊಂಬತ್ತು ತಿಂಗಳು ಕಳೆದ ಮೇಲೆ ಆಕೆ ನನ್ನ ಮನೆಯಾಕೆಯ ಹತ್ತಿರ ನಿಜವಾದ ಕಾರಣ ಹೇಳಿದರಂತೆ. ಆ ಕ್ಷಣವೇ ನಾನು ಅವರ ಮನೆಗೆ ಹೋದೆ. ಇಟಲಿ, ಫ್ರಾನ್ಸು, 1781, 1909 ಎಂದು ಮೇಲೆ ಬರೆದುದೆಲ್ಲವನ್ನೂ ಅವರ ಹೊಲಿಗೆಯಂತ್ರದ ಮುಂದೆ ನಿಂತು ಒಪ್ಪಿಸಿದೆ. “ಅದು ಬರೀ ಆಟವಮ್ಮಾ” ಎಂದೆ. ಆಕೆ ಶಾಂತವಾಗಿಯೇ ಹೇಳಿದರು:

“ಆಟವೆಂದು ನನಗೂ ಗೊತ್ತಿತ್ತು ಮೇಷ್ಟ್ರೇ. ಬೀದಿಯಲ್ಲಿ ಹೋಗುವ ಗಿಣಿಶಾಸ್ತ್ರದವನು ಹೇಳಿದ್ದರೆ ಹತ್ತು ರೂಪಾಯಿ ಕೊಟ್ಟು ಮರೆತುಬಿಡುತ್ತಿದ್ದೆ. ಹೇಳಿದವರು ನೀವು.”

ಮೂವತ್ತೈದು ವರ್ಷ ಸುಳ್ಳು ಹೇಳದೆ ಸಂಪಾದಿಸಿದ ಮಾತಿನ ತೂಕವನ್ನು ನಾನು ಒಂದು ಸಂಜೆಯ ತಮಾಷೆಗೆ ಕಟ್ಟಿದ್ದೆ. ಎಲೆಗೆ ಶಕ್ತಿಯಿಲ್ಲವೆಂದು ನಾನು ಬಲ್ಲೆ. ಆದರೆ ಎಲೆಯನ್ನು ಎತ್ತಿ ತೋರಿಸುವ ಕೈಗೆ ಶಕ್ತಿಯಿದೆಯೆಂಬುದು ನನಗೆ ಹೊಳೆದಿರಲಿಲ್ಲ. ಬಿಚ್ಚೋಣವೆಂದರೆ ಎಳೆಯ ತುದಿ ಎಲ್ಲಿದೆ? ಆ ಮಾತು ಒಬ್ಬ ತಾಯಿಯ ಎದೆಯೊಳಗೆ ಹೊಕ್ಕು, ಅಲ್ಲಿ ಭಯವಾಗಿ, ಭಯದಿಂದ ನಿರ್ಧಾರವಾಗಿ, ನಿರ್ಧಾರದಿಂದ ಒಂದು ವರ್ಷವಾಗಿ ಬೆಳೆದುಬಿಟ್ಟಿತ್ತು.

ತಾಯಿಯ ಒಪ್ಪಿಗೆ ಪಡೆದು ಹುಡುಗಿಗೂ ನಾನೇ ನಿಜ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೂರನೆಯ ಎಲೆ ಬೇರೆ ಬಂದಿದ್ದರೆ ಏನು ಹೇಳುತ್ತಿದ್ದಿರಿ ತಾತ?” ಎಂದಳು. ಬೇರೆ ಕಥೆ ಹೇಳುತ್ತಿದ್ದೆ ಎಂದೆ. “ಅದೇ ಎಲೆಗೇ ಬೇರೆ ಕಥೆ ಹೇಳಬಹುದಿತ್ತಲ್ಲ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಹೇಳಬಹುದಿತ್ತು. ಹಳೆಯ ಗೋಡೆ ಬಿದ್ದು ಆಕಾಶ ಕಂಡಿತೆನ್ನಬಹುದಿತ್ತು. ಸಿಡಿಲಿನ ಕಥೆಗೆ ರಂಗೇರುತ್ತದೆಂದು ನಾನು ಅದನ್ನೇ ಆರಿಸಿಕೊಂಡಿದ್ದೆ. ಮರುವರ್ಷ ಅವಳು ಮತ್ತೆ ಅರ್ಜಿ ಹಾಕಿ ಹೋದಳು, ಓದುತ್ತಿದ್ದಾಳೆ. ನಾನು ಹೆಣೆದುಕೊಟ್ಟ ಶಾಲನ್ನು ಒಯ್ದಿದ್ದಾಳೆ. ಶಾಲು ಆ ವರ್ಷಕ್ಕೆ ಪರಿಹಾರವೆಂದು ನಾನು ತಿಳಿದಿಲ್ಲ.

ಈ ಪ್ರಸಂಗವನ್ನು ಕೇಳಿದ ಇಬ್ಬರು ಸ್ನೇಹಿತರು ಎರಡು ತೀರ್ಪು ಕೊಟ್ಟರು. ವಿಜ್ಞಾನದ ಮೇಷ್ಟರಾಗಿದ್ದವರು, “ಆ ಎಲೆಗಳನ್ನು ಒಲೆಗೆ ಹಾಕು” ಎಂದರು. ಜಾತಕ ನೋಡುವವರು, “ನೀನು ಓದಿದ್ದು ತಪ್ಪು; ಗೋಪುರದ ಅರ್ಥ ಬೇರೆ” ಎಂದರು. ನನ್ನ ಮತದಲ್ಲಿ ಇಬ್ಬರೂ ಎಲೆಗೆ ಸಲ್ಲದ ಗೌರವ ಕೊಡುತ್ತಿದ್ದಾರೆ. ಒಬ್ಬರು ಅದನ್ನು ವಿಷವೆಂದು, ಇನ್ನೊಬ್ಬರು ಅಮೃತವೆಂದು ಭಾವಿಸುತ್ತಾರೆ. ಅದು ಎರಡೂ ಅಲ್ಲ; ಚಿತ್ರ ಬರೆದ ರಟ್ಟು. ಸುಡಬೇಕಾದದ್ದು, ತಿದ್ದಬೇಕಾದದ್ದು ಏನಾದರೂ ಇದ್ದರೆ ಅದು ಆಡುವವನ ಅಜಾಗರೂಕತೆ. ಆಟಕ್ಕೆ ಗೆರೆ ಬೇಕು. ಕಬಡ್ಡಿಯ ಅಂಕಣದೊಳಗೆ ಒಬ್ಬನ ಕಾಲು ಹಿಡಿದೆಳೆದರೆ ಅದು ಆಟ. ಬೀದಿಯಲ್ಲಿ ಎಳೆದರೆ ಜಗಳ. ನನ್ನ ಎಲೆಗಳು ಆ ಸಂಜೆ ಅಂಕಣ ದಾಟಿದ್ದವು.

ಆದುದರಿಂದ ಈಗ ನನ್ನಲ್ಲಿ ಒಂದು ನಿಯಮವುಂಟು. ಬೀದಿಯ ಮಕ್ಕಳು ಭಾನುವಾರ ಬಂದು ಎಲೆ ಎಳೆಯುತ್ತಾರೆ. ಮೂರು ಎಲೆಗೆ ಒಂದು ಕಥೆ. ಕಥೆಯಲ್ಲಿ ರಾಜನಿರಬಹುದು, ರಾಕ್ಷಸನಿರಬಹುದು, ಕೂತವರಲ್ಲಿ ಯಾರ ಹೆಸರೂ ಇರಕೂಡದು. ಒಬ್ಬರ ಕಥೆ ಮುಗಿದೊಡನೆ ಇನ್ನೊಬ್ಬರು ಅದೇ ಮೂರು ಎಲೆಗೆ ಬೇರೆ ಕಥೆ ಹೇಳಲೇಬೇಕು. ಈ ಎರಡನೆಯ ಕಟ್ಟಳೆ ಆ ಹುಡುಗಿಯಿಂದ ಕಲಿತದ್ದು. ಯಾರಾದರೂ ದೊಡ್ಡವರು ಪಕ್ಕಕ್ಕೆ ಬಂದು, “ಮಗನ ಮದುವೆ ಯಾವಾಗ?” ಎಂದರೆ ಎಲೆಗಳು ಪೆಟ್ಟಿಗೆ ಸೇರುತ್ತವೆ, ಕಡ್ಡಿಗಳು ಕೈಗೆ ಬರುತ್ತವೆ.

ಹವ್ಯಾಸದಿಂದ ಏನು ಫಲವೆಂದು ಕೇಳುವವರಿಗೆ ನಾನು ಹೇಳುವುದು ಇಷ್ಟು. ಫಲವಿಲ್ಲದಿರುವುದೇ ಅದರ ಸೊಗಸು. ಮಾರಲಾಗದ ಸ್ವೆಟರೂ ನಿಜವಾಗದ ಎಲೆಯೂ ಅದರ ಸಂಪತ್ತು. ಆದರೆ ಫಲವಿಲ್ಲದ ಕೆಲಸಕ್ಕೆ ಪರಿಣಾಮವೂ ಇಲ್ಲವೆಂದು ಯಾರೂ ತಿಳಿಯಬಾರದು. ಬಿಚ್ಚಬಹುದಾದದ್ದರಲ್ಲಿ ಧೈರ್ಯವಾಗಿ ತಪ್ಪು ಮಾಡಿ. ಬಿಚ್ಚಲಾಗದ್ದನ್ನು ಆಡುವ ಮೊದಲು ಎದುರಿಗೆ ಕೂತವರ ಮುಖವನ್ನೊಮ್ಮೆ ನೋಡಿ. ತರಗತಿಯಲ್ಲಿ ನಿಂತು ಮಾತಾಡುವ ನನ್ನ ಸಹೋದ್ಯೋಗಿಗಳಿಗೆ ಈ ಮಾತು ಬೇರೆಯಾಗಿ ಹೇಳಬೇಕಾಗಿಲ್ಲ. “ಇವನು ಉದ್ಧಾರವಾಗುವುದಿಲ್ಲ” ಎಂದು ತಮಾಷೆಗಾಗಿ ಅಂದ ಭವಿಷ್ಯಗಳ ಕಟ್ಟು ನಮ್ಮೆಲ್ಲರ ಬಳಿಯೂ ಇದೆ.

ಇದನ್ನು ಬರೆಯುತ್ತಿರುವಾಗ ಮಡಿಲಲ್ಲಿ ಮೊಮ್ಮಗಳ ಸ್ವೆಟರಿನ ಬೆನ್ನಿನ ಭಾಗವಿದೆ. ಹದಿನೇಳು ಸಾಲು ಕೆಳಗೆ ಒಂದು ನಿಟ್ ಇರಬೇಕಾದಲ್ಲಿ ಪರ್ಲ್ ಕೂತಿದೆ. ತೊಟ್ಟವಳಿಗೆ ಕಾಣದು, ನೋಡಿದವರಿಗೂ ಕಾಣದು. ಆದರೂ ಇಂದು ರಾತ್ರಿ ಬಿಚ್ಚಬೇಕು.